ಥರ್ಮೋಸ್ಟಾಟ್ ಇಲ್ಲದ ಮನೆಗೆ ಹಾವು ಮಾರಬೇಡಿ

ಎರಡು ವರ್ಷದ ಹಿಂದೆ ನಾನೊಂದು ಬಾಕ್ಸ್ ಐಟಂ ಬರೆದಿದ್ದೆ. ನಮ್ಮ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗನೊಬ್ಬ ಬಾಲ್ ಪೈಥಾನ್ ಸಾಕಿದ್ದಾನೆ ಎಂಬ ಸುದ್ದಿ. ಹಾವನ್ನು ಕೊರಳಿಗೆ ಹಾಕಿಕೊಂಡು ನಗುತ್ತಿರುವ ಫೋಟೊ. ಡೆಸ್ಕಿನವರು ಕೊಟ್ಟ ಹೆಡ್ಡಿಂಗು: 'ಹೆಬ್ಬಾವೇ ಈತನ ಗೆಳೆಯ!' ಆ ಆಶ್ಚರ್ಯಸೂಚಕ ಚಿಹ್ನೆ ನನ್ನದಲ್ಲ. ಕೆಳಗಿನ ಇನ್ನೂರು ಪದ ಮಾತ್ರ ನನ್ನವೇ.

ಮೊನ್ನೆ ಆ ಫೋಟೊ ಮತ್ತೆ ತೆಗೆದು ನೋಡಿದೆ. ಹುಡುಗನ ಹಿಂದೆ, ಎಡ ಮೂಲೆಯಲ್ಲಿ, ಒಂದು ಗಾಜಿನ ಪೆಟ್ಟಿಗೆ ಇದೆ. ಮೀನು ಸಾಕುವ ಹಳೇ ಅಕ್ವೇರಿಯಂ. ಅದರೊಳಕ್ಕೆ ವೈರಿನಲ್ಲಿ ಇಳಿಬಿಟ್ಟ 60 ವ್ಯಾಟಿನ ಹಳದಿ ಬಲ್ಬು, ಕಪ್ಪು ಪ್ಲಾಸ್ಟಿಕ್ ಹೋಲ್ಡರು, ಹೋಲ್ಡರಿನ ಪಕ್ಕದಲ್ಲೇ ಮುಚ್ಚಳಕ್ಕೆ ಹೊದಿಸಿದ ಟವೆಲ್ಲು. ಕ್ಯಾಮೆರಾ ನನ್ನದು, ಕಣ್ಣೂ ನನ್ನದು. ನಾನು ಆ ಬಲ್ಬಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಏನು ತಿನ್ನುತ್ತೆ, ಕಚ್ಚುತ್ತಾ, ಮನೆಯವರು ಹೆದರಲ್ವಾ ಎಂಬ ಮೂರು ಪ್ರಶ್ನೆ ಕೇಳಿ ಬೈಕ್ ಹತ್ತಿದ್ದೆ. ಹಾವು ಸಾಕಿದವರನ್ನು ನಮ್ಮ ಪತ್ರಿಕೆಗಳು ಕೇಳುವುದು ಈ ಮೂರೇ ಪ್ರಶ್ನೆ, ನೀವೂ ಕೇಳಿದ್ದೀರಿ, ಸುಳ್ಳು ಹೇಳಬೇಡಿ.

ಮುಂದಿನ ಜನವರಿಯಲ್ಲಿ ಒಂದು ಬೆಳಗ್ಗೆ ಆರೂವರೆಗೆ ಹುಡುಗ ಫೋನು ಮಾಡಿದ. 'ಅಣ್ಣ, ಹಾವಿನ ಹೊಟ್ಟೆ ಕೆಂಪಗಾಗಿದೆ, ಸಿಪ್ಪೆ ಎದ್ದಂಗೆ ಕಾಣ್ತದೆ. ಯಾರಾದ್ರೂ ಡಾಕ್ಟ್ರು ಗೊತ್ತಾ?' ಹಿಂದಿನ ರಾತ್ರಿ ಬಲ್ಬು ಸುಟ್ಟುಹೋಗಿತ್ತಂತೆ. ಚಳಿ ಜಾಸ್ತಿ. ಅಂಗಡಿಗಳಲ್ಲಿ ಈಗ ಹಳದಿ ಬಲ್ಬು ಸಿಗುವುದೂ ಕಷ್ಟ, ಎಲ್ಲ ಎಲ್‌ಇಡಿ, ಅದರಲ್ಲಿ ಬೆಳಕಿದೆ, ಹಾವಿಗೆ ಬೇಕಾದಷ್ಟು ಬಿಸಿ ಇಲ್ಲ. ಅವರಮ್ಮನ ಬೆನ್ನುನೋವಿಗೆ ತಂದಿದ್ದ ಕರೆಂಟಿನ ಹೀಟಿಂಗ್ ಪ್ಯಾಡನ್ನು ಪೆಟ್ಟಿಗೆಯೊಳಗೆ ಹಾಸಿ, ಮೇಲೊಂದು ಹಳೇ ಲುಂಗಿ ಹರಡಿ ಮಲಗಿದ್ದಾನೆ. ಬೆಳಗ್ಗೆವರೆಗೂ ಹಾವು ಅದರ ಮೇಲೆ ಸುರುಳಿ ಸುತ್ತಿಕೊಂಡೇ ಇತ್ತು.

ನಮ್ಮ ತಾಲ್ಲೂಕಿನ ಪಶುವೈದ್ಯರು ಪ್ರಾಮಾಣಿಕರು. 'ನಾನು ದನ, ಕುರಿ, ನಾಯಿ ನೋಡಿದ್ದೀನಿ, ಇದನ್ನ ನೋಡಿಲ್ಲ' ಅಂದರು. ಆದರೂ ಬೆಂಗಳೂರಿನ ಪರಿಚಿತರೊಬ್ಬರಿಗೆ ಫೋನಿನಲ್ಲೇ ಕೇಳಿ, ಸುಟ್ಟಗಾಯದ ಮುಲಾಮು, ದ್ರವ, ಇಂಜೆಕ್ಷನ್ ಎಲ್ಲ ಮಾಡಿದರು. ಹಾವಿನ ಸುಟ್ಟಗಾಯ ಮೊದಲ ದಿನ ಇದ್ದದ್ದಕ್ಕಿಂತ ಐದನೇ ದಿನ ಕೆಟ್ಟದಾಗಿ ಕಾಣುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದೆ. ಹೊಟ್ಟೆಯಡಿಯ ಅಗಲದ ಹುರುಪೆಗಳು ಒಂದೊಂದಾಗಿ ಕಂದಿ, ಕೆಳಗೆ ಕೀವು ತುಂಬಿತು. ಹತ್ತೊಂಬತ್ತನೇ ದಿನ ಸತ್ತಿತು. ಹಿತ್ತಲಿನಲ್ಲಿ ಹೂಳುವಾಗ ಆ ತಾಯಿ ನನಗೆ ಒಂದೇ ಮಾತು ಹೇಳಿದ್ದು: 'ಪೇಪರ್‌ನಲ್ಲಿ ಹಾಕಿದಾಗ ನೀವಾದ್ರೂ ಹೇಳಬೋದಿತ್ತಲ್ಲಪ್ಪ.'

ಸುದ್ದಿ ಕಳಿಸಿದೆ. ಹಾಕಲಿಲ್ಲ. 'ಹಾವು ಕಚ್ಚಿ ಯಾರಾದರೂ ಸತ್ತಿದ್ದರೆ ಕಳಿಸಿ' ಎಂದರು ಡೆಸ್ಕಿನಲ್ಲಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಉದ್ದವಾಗಿಯೇ ಬರೆಯುತ್ತೇನೆ. ಇಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುವವರೂ ಇಲ್ಲ, ಕತ್ತರಿಸುವವರೂ ಇಲ್ಲ.

ಮೊದಲು ಒಂದು ವಾದ ಮುಗಿಸಿಬಿಡೋಣ. ನಮ್ಮಲ್ಲೇ ಕೆಲವು ಗೆಳೆಯರು ಹೇಳುತ್ತಾರೆ: 'ಹಾವು ಸಾಕುವುದೇ ತಪ್ಪು. ಅದಕ್ಕೆ ಶಾಖ ಕೊಡುವುದು ಹೇಗೆ ಅಂತ ಬರೆದರೆ ಸಾಕುವವರಿಗೆ ಕುಮ್ಮಕ್ಕು ಕೊಟ್ಟಂತೆ.' ಅರ್ಧ ಒಪ್ಪುತ್ತೇನೆ. ನಮ್ಮ ನೆಲದ ಹಾವು, ಅದು ನಾಗರವಿರಲಿ ಹೆಬ್ಬಾವಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದರಲ್ಲಿ ಚರ್ಚೆಯೇ ಇಲ್ಲ. ಮನೆಗೆ ಬಂದ ಹಾವನ್ನು ಹಿಡಿದು ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟು ರೀಲ್ಸ್ ಮಾಡುವ 'ಸ್ನೇಕ್' ಬಿರುದಿನ ಮಹಾಶಯರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಆದರೆ ಬಾಲ್ ಪೈಥಾನ್ ನಮ್ಮ ಹೆಬ್ಬಾವಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ಕಡೆಯಿಂದ ದಶಕಗಳ ಕಾಲ ಲಕ್ಷಗಟ್ಟಲೆ ಹೊರಗೆ ಹೋಗಿದೆ, ಈಗ ಲೋಕದ ಎಲ್ಲ ಕಡೆ ಪೆಟ್ಟಿಗೆಗಳಲ್ಲೇ ಮರಿಯಾಗುತ್ತಿದೆ. ನಮ್ಮಲ್ಲಿ ಇಂಥ ಹೊರದೇಶದ ಪ್ರಾಣಿ ಇಟ್ಟುಕೊಂಡವರು ಸ್ವಇಚ್ಛೆಯಿಂದ ಘೋಷಿಸಿಕೊಳ್ಳಲಿ ಎಂದು ಕೇಂದ್ರ ಪರಿಸರ ಸಚಿವಾಲಯ 2020ರ ಜೂನ್‌ನಲ್ಲಿ ಹೇಳಿತು. 2022ರ ತಿದ್ದುಪಡಿಯಲ್ಲಿ ಸೈಟಿಸ್ ಪಟ್ಟಿಯ ಪ್ರಾಣಿಗಳು ಕಾಯ್ದೆಯೊಳಗೆ ಬಂದವು. 2024ರ ಫೆಬ್ರುವರಿಯಲ್ಲಿ ನೋಂದಣಿ ನಿಯಮವೂ ಬಂತು, ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ಎಂದರೆ ಸರ್ಕಾರವೇ ಒಪ್ಪಿಕೊಂಡಿದೆ, ಈ ಪ್ರಾಣಿಗಳು ನಮ್ಮ ಮನೆಗಳಲ್ಲಿವೆ. ಬರಬಾರದಿತ್ತು ಎನ್ನಿ, ಬಂದಿವೆ. ವಿಮಾನ ನಿಲ್ದಾಣದ ಸೂಟ್‌ಕೇಸಿನಲ್ಲಿ ಸಿಕ್ಕಿಬಿದ್ದವು ನಮಗೆ ಸುದ್ದಿ, ಸಿಕ್ಕಿಬೀಳದೆ ತಾಲ್ಲೂಕು ಕೇಂದ್ರದ ಬಾಡಿಗೆ ಮನೆಗೆ ತಲುಪಿದವು ಯಾರ ಸುದ್ದಿಯೂ ಅಲ್ಲ. ಕಾಗದ ಸರಿಯಿದ್ದರೂ ತಪ್ಪಿದ್ದರೂ ರಾತ್ರಿ ಹದಿನಾಲ್ಕು ಡಿಗ್ರಿಗೆ ಇಳಿದಾಗ ಹಾವಿಗೆ ಚಳಿ ಒಂದೇ. ಸಾಕುವುದು ತಪ್ಪು ಎಂದು ಕೈಕಟ್ಟಿ ಕೂತರೆ ಸುಡುವುದು ಹಾವೇ ಹೊರತು ಮಾರಿದವನಲ್ಲ.

ನನ್ನ ಜಗಳ ಮುಖ್ಯವಾಗಿ ಮಾರಿದವನ ಜತೆ. ಹುಡುಗ ಹಾವು ತಂದದ್ದು ದೊಡ್ಡ ಊರಿನ ಒಬ್ಬ ವ್ಯಾಪಾರಿಯಿಂದ. ಹಾವಿಗೆ ಸಾವಿರಗಟ್ಟಲೆ ಇಸಿದುಕೊಂಡವನು, 'ಶಾಖ ಹೆಂಗೆ' ಅಂತ ಕೇಳಿದ್ದಕ್ಕೆ 'ಒಂದು ಬಲ್ಬ್ ಹಾಕಿ ಸಾಕು' ಅಂದಿದ್ದಾನೆ. ಐದು ಸೆಕೆಂಡಿನ ಉತ್ತರ. ಈ ಹಾವು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುವಂಥದ್ದು.

ಹಾವಿಗೆ ಶಾಖ ಎಂದರೆ ನಮಗೆ ಚಳಿಯಲ್ಲಿ ಕಂಬಳಿ ಇದ್ದಂತಲ್ಲ. ನಮ್ಮ ಮೈ ತಿಂದ ಅನ್ನದಿಂದ ತಾನೇ ಬಿಸಿ ಮಾಡಿಕೊಳ್ಳುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ ಅಷ್ಟೇ. ಹಾವಿನ ಮೈಗೆ ಆ ಒಲೆಯೇ ಇಲ್ಲ, ಕಂಬಳಿ ಹೊದಿಸಿದರೆ ತಣ್ಣಗಿನ ಹಾವು ತಣ್ಣಗೇ ಇರುತ್ತದೆ. ಬಿಸಿ ಬೇಕಾದಾಗ ಬಿಸಿಯ ಕಡೆ ಹೋಗಬೇಕು, ಸಾಕಾದಾಗ ತಂಪಿನ ಕಡೆ ಬರಬೇಕು. ಅದು ತಿಂದ ಇಲಿ ಅರಗುವುದೂ ಹೊರಗಿನ ಶಾಖದಿಂದಲೇ. ಶಾಖ ಸಾಲದಿದ್ದರೆ ತಿಂದದ್ದನ್ನು ಕಕ್ಕುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತಿ ಬಾಯಿ ತೆರೆದು ಉಸಿರೆಳೆಯುತ್ತದೆ. ಹಾಗಾಗಿ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು ಇರಲೇಬೇಕು. ಬಾಲ್ ಪೈಥಾನ್‌ಗೆ ಬೆಚ್ಚಗಿನ ತುದಿಯಲ್ಲಿ 31ರಿಂದ 33 ಡಿಗ್ರಿ, ತಂಪಿನ ತುದಿಯಲ್ಲಿ 25ರ ಆಸುಪಾಸು. ಎರಡೂ ತುದಿಯಲ್ಲಿ ಅಡಗಿಕೊಳ್ಳಲು ಒಂದೊಂದು ಗೂಡು. ಒಂದೇ ಗೂಡಿದ್ದರೆ ಹಾವು ಬಿಸಿಯನ್ನೋ ಭಯವನ್ನೋ ಆರಿಸಿಕೊಳ್ಳಬೇಕಾಗುತ್ತದೆ, ಅದು ಸಾಮಾನ್ಯವಾಗಿ ಗೂಡು ಬಿಟ್ಟು ಬರುವುದಿಲ್ಲ.

ಬಿಸಿಯಾದರೆ ಎದ್ದು ಹೋಗುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಇಲಿಯ ಮೈಬಿಸಿಯನ್ನು ಕತ್ತಲಲ್ಲಿ ಗುರುತಿಸುವ ಕುಳಿಗಳು ಅದರ ತುಟಿಯಂಚಿನಲ್ಲಿವೆ. ಅಂಥ ಪ್ರಾಣಿ ತನ್ನ ಹೊಟ್ಟೆ ಸುಡುತ್ತಿರುವಾಗ ಸುಮ್ಮನಿರುತ್ತದೆಂದರೆ ನಂಬುವುದು ಕಷ್ಟ. ಆದರೆ ನಡೆಯುವುದು ಅದೇ. ಸುತ್ತಲಿನ ಗಾಳಿಯೆಲ್ಲ ತಣ್ಣಗಿದ್ದು ಬಿಸಿ ಇರುವುದು ಒಂದೇ ಗೇಣಗಲ ಜಾಗದಲ್ಲಾದರೆ ಹಾವು ಅಲ್ಲೇ ಅಂಟಿ ಕೂರುತ್ತದೆ, ಬೆನ್ನು ತಣ್ಣಗಿರುವವರೆಗೂ ಅದಕ್ಕೆ ಬಿಸಿ ಸಾಲದು. ಕಾಡಿನಲ್ಲಿ ಬಿಸಿಲು ಬರುವುದು ಮೇಲಿಂದ, ನೆಲದೊಳಗಿನ ಬಿಲ ಯಾವಾಗಲೂ ತಂಪು. ನೆಲವೇ ಕಾವಲಿಯಾಗುವ ಅನುಭವ ಅದರ ಕುಲಕ್ಕೇ ಇಲ್ಲ. ಸಾಕುಹಾವುಗಳಲ್ಲಿ ಪಶುವೈದ್ಯರು ಮತ್ತೆ ಮತ್ತೆ ನೋಡುವ ಗಾಯವೆಂದರೆ ಇದೇ ಸುಟ್ಟಗಾಯ. 'ಹಾಟ್ ರಾಕ್' ಎಂದು ಒಳಗೆ ಕಾಯಿಲ್ ಇಟ್ಟ ಕಲ್ಲೊಂದನ್ನು ಇನ್ನೂ ಮಾರುತ್ತಾರೆ. ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಇದೆಲ್ಲ ಏನೋ ಪರದೇಶದ ವಿದ್ಯೆ ಅಂದುಕೊಳ್ಳಬೇಡಿ. ನನಗೆ ಸಿಟ್ಟು ಬರುವುದೇ ಅಲ್ಲಿ. ನಮ್ಮ ಸೋದರಮಾವ ಏಳನೇ ಕ್ಲಾಸು ಓದಿದವರು, ಮೂವತ್ತು ವರ್ಷದಿಂದ ರೇಷ್ಮೆ ಸಾಕುತ್ತಾರೆ. ಅವರ ಹುಳುಮನೆಯ ಗೋಡೆಯಲ್ಲಿ ಎರಡು ಥರ್ಮಾಮೀಟರು, ಒಂದರ ಬುಡಕ್ಕೆ ಒದ್ದೆ ಬತ್ತಿ. ಚಾಕಿ ಹುಳುವಿಗೆ 27-28 ಡಿಗ್ರಿ ಬೇಕು, ನಾಲ್ಕನೇ ಜ್ವರ ಎದ್ದ ಮೇಲೆ 24-25 ಸಾಕು, ತೇವ ಇಷ್ಟಿರಬೇಕು ಎಂದು ಬಾಯಲ್ಲೇ ಹೇಳುತ್ತಾರೆ. 'ಒಂದು ಬಲ್ಬ್ ಹಾಕಿ ಸಾಕು' ಎಂದು ಅವರಿಗೆ ಯಾರಾದರೂ ಹೇಳಿದ್ದರೆ ಮೊಟ್ಟೆ ವಾಪಸು ಕೊಟ್ಟು ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಕೋಳಿಮರಿ ಸಾಕುವ ಅಕ್ಕ ಇದ್ದಾರೆ. ಮರಿಗೆ ಎರಡು ವ್ಯಾಟ್ ಲೆಕ್ಕ ಹಾಕಿ ಬಲ್ಬು ಕಟ್ಟುತ್ತಾರೆ, ಆಮೇಲೆ ಬಲ್ಬನ್ನು ನೋಡುವುದಿಲ್ಲ, ಮರಿಗಳನ್ನು ನೋಡುತ್ತಾರೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀಂಗುಟ್ಟಿದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ದಿನ ಕಳೆದಂತೆ ಬಲ್ಬನ್ನು ಮೇಲಕ್ಕೆತ್ತುತ್ತಾರೆ. ಹುಳುವಿಗೂ ಕೋಳಿಗೂ ಇಷ್ಟು ಲೆಕ್ಕ ಇಟ್ಟಿರುವ ಊರಿನಲ್ಲಿ ಹಾವು ಮಾರುವವನಿಗೆ ಮಾತ್ರ ಲೆಕ್ಕ ಬೇಡವಾಯಿತೆ? ಹುಳು ಸತ್ತರೆ ರೈತನ ದುಡ್ಡು ಹೋಗುತ್ತದೆ. ಹಾವು ಸತ್ತರೆ ಮಾರಿದವನಿಗೆ ಇನ್ನೊಂದು ಗಿರಾಕಿ.

ಕೋಳಿಮರಿ ಚೀಂಗುಡುತ್ತದೆ, ಹಾವು ಚೀಂಗುಡುವುದಿಲ್ಲ. ಅದಕ್ಕೇ ಥರ್ಮೋಸ್ಟಾಟ್. ಹಾವಿನ ಬದಲು ಅದು ಮಾತಾಡುತ್ತದೆ.

ಈ ವಸ್ತು ನಮ್ಮೂರಲ್ಲಿ ಸಿಗುವುದಿಲ್ಲ ಎನ್ನುವುದು ಎರಡನೇ ಸುಳ್ಳು. ಮೊಟ್ಟೆ ಮರಿ ಮಾಡಲು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಇನ್‌ಕ್ಯುಬೇಟರ್ ಕಟ್ಟುವ ಹುಡುಗರು ಹಳ್ಳಿಹಳ್ಳಿಯಲ್ಲಿದ್ದಾರೆ. ಅವರು ಹಾಕುವ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಬರುತ್ತದೆ. ಹೀಟ್ ಮ್ಯಾಟ್‌ಗೆ ಅದೇ ಸಾಕು. ಬಯಲಾಗಿರುವ ಸರ್ಕ್ಯೂಟ್ ಬೋರ್ಡಿನದು ಬೇಡ, ಡಬ್ಬಿಯೊಳಗೆ ಮುಚ್ಚಿದ್ದು ತನ್ನಿ, ವೈರಿಂಗ್ ಬಾರದಿದ್ದರೆ ಇನ್ನೂರು ರೂಪಾಯಿ ಕೊಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ. ಅಗ್ಗದ ಕಂಟ್ರೋಲರಿನ ದೋಷವೊಂದಿದೆ. ಒಳಗಿನ ರಿಲೇ ಕೆಟ್ಟಾಗ ಕೆಲವೊಮ್ಮೆ ಅಂಟಿಕೊಂಡುಬಿಡುತ್ತದೆ, ಆಗ ಹೀಟರು ಆಫ್ ಆಗುವುದೇ ಇಲ್ಲ. ಅದಕ್ಕೆ ತಿಳಿದವರು ಎರಡನ್ನು ಒಂದರ ಹಿಂದೊಂದು ಹಾಕುತ್ತಾರೆ. ಮೊದಲನೆಯದು 32ಕ್ಕೆ, ಎರಡನೆಯದು 35ಕ್ಕೆ. ಒಂದು ಅಂಟಿಕೊಂಡರೂ ಇನ್ನೊಂದು ಕಡಿಯುತ್ತದೆ. ಎರಡೂ ಸೇರಿ ಹಾವಿನ ಬೆಲೆಯ ಸಣ್ಣ ಪಾಲು.

ಮ್ಯಾಟ್ ಪೆಟ್ಟಿಗೆಯ ತಳದ ಮೂರನೇ ಒಂದು ಭಾಗದಷ್ಟಿರಲಿ, ಹೊರಗಿನಿಂದ ಅಂಟಿಸಿ, ಹಾವಿನ ಮೈಗೆ ತಗಲುವ ಕಡೆ ಅಲ್ಲ. ಗಾಜಿನ ಪೆಟ್ಟಿಗೆಯಾದರೆ ಕೆಳಗೆ ಬೆರಳಷ್ಟು ಎತ್ತರಕ್ಕೆ ಕಾಲು ಕೊಡಿ, ಗಾಳಿ ಆಡದಿದ್ದರೆ ಬಿಸಿ ಕಟ್ಟಿಕೊಂಡು ಗಾಜೇ ಸೀಳಬಹುದು. ಒಳಗಡೆ ತೆಂಗಿನ ನಾರಿನಪುಡಿಯನ್ನು ನಾಲ್ಕು ಇಂಚು ತುಂಬಿದರೆ ಮೇಲೆ ತಣ್ಣಗೆ ಕಾಣುತ್ತದೆ, ಹಾವು ಬಗೆದು ಕೆಳಗಿಳಿದಾಗ ಕಾದ ಗಾಜು ಸಿಗುತ್ತದೆ. ಹಾಗಾಗಿ ಮ್ಯಾಟ್ ಇರುವ ಕಡೆ ತೆಳುವಾಗಿರಲಿ, ಥರ್ಮೋಸ್ಟಾಟಿನ ಸೆನ್ಸರು ಮಣ್ಣಿನ ಮೇಲಲ್ಲ, ಮ್ಯಾಟಿನ ನೇರಕ್ಕೆ ತಳದ ಗಾಜಿನ ಮೇಲೆ ಕೂರಲಿ. ಸೆನ್ಸರನ್ನು ಸೆಲ್ಲೊಟೇಪಿನಲ್ಲಿ ಅಂಟಿಸಬೇಡಿ. ಟೇಪು ಬಿಟ್ಟುಕೊಂಡು ಹಾವಿನ ಮೈಗೆ ಹತ್ತಿದರೆ ಕೀಳುವಾಗ ಚರ್ಮ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಸೆನ್ಸರು ಜಾರಿ ತಂಪಿನ ತುದಿಗೆ ಬಿದ್ದರೆ ಥರ್ಮೋಸ್ಟಾಟ್ ಪೆಟ್ಟಿಗೆಯೆಲ್ಲ ತಣ್ಣಗಿದೆ ಎಂದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಹೋಗುತ್ತದೆ. ಸಿಲಿಕೋನ್ ಹಾಕಿ ಅಂಟಿಸಿ, ವಾಸನೆ ಹೋಗುವವರೆಗೂ ಒಣಗಿಸಿ.

ಬಲ್ಬಿನಂತೆ ಮೇಲಿಂದ ಶಾಖ ಕೊಡುವ ಸೆರಾಮಿಕ್ ಹೀಟರು ಇನ್ನೊಂದು ದಾರಿ. ಬೆಳಕಿಲ್ಲ, ಬರೀ ಬಿಸಿ, ರಾತ್ರಿಗೆ ಒಳ್ಳೆಯದು. ಅದರ ಮೈ ಮುಟ್ಟಿದರೆ ಕೈ ಬೆಂದು ಬೊಬ್ಬೆ ಬರುತ್ತದೆ, ಹಾಗಾಗಿ ತಂತಿಯ ಪಂಜರವಿಲ್ಲದೆ ಪೆಟ್ಟಿಗೆಯೊಳಗೆ ಇಡಬಾರದು. ಹಾವು ಬಿಸಿ ಬಲ್ಬಿಗೆ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡೇ ಬೇಯುತ್ತದೆ. ಇನ್ನು ನಮ್ಮ ದೇಶದ್ದೇ ಒಂದು ಸಮಸ್ಯೆ ಕೇಳಿ. ಈ ಹೀಟರುಗಳು ಬರುವುದು ತಿರುಪಿನ ಬುಡದಲ್ಲಿ, ನಮ್ಮ ಮನೆಯ ಹೋಲ್ಡರು ಎರಡು ಪಿನ್ನಿನದು. ಜನ ಏನು ಮಾಡುತ್ತಾರೆ? ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಅಡಾಪ್ಟರ್ ಸಿಕ್ಕಿಸುತ್ತಾರೆ. ನೂರು ವ್ಯಾಟಿನ ಸೆರಾಮಿಕ್ಕನ್ನು ತಾಳಲಾರದೆ ಆ ಪ್ಲಾಸ್ಟಿಕ್ ಮೆತ್ತಗಾಗಿ, ಹೀಟರು ಕಳಚಿ ಒಳಗೆ ಬಿದ್ದರೆ ಹಾವೂ ಹೋಯಿತು, ಟವೆಲ್ಲಿಗೆ ತಗಲಿದರೆ ಮನೆಯೂ ಹೋಯಿತು. ಪಿಂಗಾಣಿ ಹೋಲ್ಡರೇ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 'ಪಿಂಗಾಣಿದು, ತಿರುಪಿಂದು ಕೊಡಿ' ಅಂದರೆ ಕೊಡುತ್ತಾರೆ. ಮೂರು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಇರುವ ಸಾಕೆಟ್ಟು. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಇನ್ನೂ ನಿಶ್ಚಿಂತೆ, ನೀರಿನ ಬಟ್ಟಲೂ ಕರೆಂಟಿನ ವೈರೂ ಒಂದೇ ಪೆಟ್ಟಿಗೆಯಲ್ಲಿರುವ ಮನೆಗೆ ಅದು ಬೇಕು. ವೈರು ಸಾಕೆಟ್ಟಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಇಳಿದು ಮೇಲೇರಲಿ, ನೀರು ಹರಿದರೂ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಹಾವನ್ನು ಬಿಡಬೇಡಿ. ಖಾಲಿ ಪೆಟ್ಟಿಗೆಯನ್ನೇ ಎರಡು ಮೂರು ದಿನ ಓಡಿಸಿ, ಮಧ್ಯಾಹ್ನಕ್ಕೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಎರಡೂ ತುದಿಯ ಅಂಕಿ ಬರೆದುಕೊಳ್ಳಿ. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರು ಅಲಂಕಾರಕ್ಕೆ, ಅದು ಗೋಡೆಯ ಕತೆ ಹೇಳುತ್ತದೆ, ನೆಲದ್ದಲ್ಲ. ವೈರಿನ ತುದಿಯಲ್ಲಿ ಸೆನ್ಸರಿರುವ ಡಿಜಿಟಲ್ ಥರ್ಮಾಮೀಟರು ಬೇಕು, ಅದೂ ಥರ್ಮೋಸ್ಟಾಟಿನದ್ದಲ್ಲದೆ ಬೇರೆಯದು. ಕಳ್ಳನನ್ನೇ ಕಾವಲಿಗಿಟ್ಟು ಅವನನ್ನೇ ಲೆಕ್ಕ ಕೇಳಬಾರದು.

ಕರೆಂಟು ಹೋದರೆ? ಮಲೆನಾಡಿನ ಕಡೆಯ ಗೆಳೆಯರು ಮೊದಲು ಕೇಳುವುದು ಇದನ್ನೇ, ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕತ್ತಲು. ಸಣ್ಣ ಮ್ಯಾಟು 20 ವ್ಯಾಟಿನ ಆಸುಪಾಸಿನದು, ಎರಡು ಎಲ್‌ಇಡಿ ಬಲ್ಬಿನಷ್ಟು, ಮನೆಯ ಇನ್ವರ್ಟರ್ ಮೇಲೆ ಆರಾಮಾಗಿ ಓಡುತ್ತದೆ. ನೂರು ವ್ಯಾಟಿನ ಸೆರಾಮಿಕ್ ಬ್ಯಾಟರಿ ಕುಡಿಯುತ್ತದೆ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಪೆಟ್ಟಿಗೆಯ ಮೂರು ಬದಿಗೆ ಹೊರಗಿನಿಂದ ಥರ್ಮೊಕೋಲ್ ಕಟ್ಟಿ, ಉಸಿರಾಡಲು ಜಾಗ ಬಿಟ್ಟು ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ, ಆರಿದಂತೆ ಬದಲಿಸಿ. ಒಂದು ರಾತ್ರಿ 20ರ ಆಸುಪಾಸಿಗೆ ಇಳಿದರೆ ಆರೋಗ್ಯವಾಗಿರುವ ದೊಡ್ಡ ಹಾವು ತಡೆದುಕೊಳ್ಳುತ್ತದೆ, ಗಾಬರಿಯಲ್ಲಿ ಸುಡುವುದಕ್ಕಿಂತ ಸ್ವಲ್ಪ ಚಳಿಯೇ ವಾಸಿ. ಆ ದಿನಗಳಲ್ಲಿ ಇಲಿ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡಲೇಬೇಡಿ, ಹಾವಿನ ಜತೆ ನೀವೂ ಏಳುವುದಿಲ್ಲ. ಕರೆಂಟು ಬಂದ ಮೇಲೆ ಥರ್ಮೋಸ್ಟಾಟಿನ ಅಂಕಿ ಒಮ್ಮೆ ನೋಡಿ. ಕೆಲವು ಅಗ್ಗದವು ಕರೆಂಟು ಹೋಗಿ ಬಂದರೆ ನಿಮ್ಮ 32ನ್ನು ಮರೆತು ಕಾರ್ಖಾನೆಯಲ್ಲಿ ಇಟ್ಟ ಅಂಕಿಗೆ ಹೋಗಿ ಕೂರುತ್ತವೆ.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರಿಗೆ ಕತೆಯೇ ಉಲ್ಟಾ. ಏಪ್ರಿಲ್-ಮೇನಲ್ಲಿ ಹೊರಗೆ 40 ದಾಟಿ, ಶೀಟಿನ ಮನೆಯೊಳಗೆ 38 ಇರುವಾಗ ಹಾವಿಗೆ ಬೇಕಾದದ್ದು ತಂಪು. 'ಹಾವಿಗೆ ಯಾವಾಗಲೂ ಬಲ್ಬ್ ಬೇಕು' ಎಂದು ಯಾವುದೋ ತಣ್ಣನೆ ದೇಶದ ವಿಡಿಯೊ ನೋಡಿ ಆಗಲೂ ಉರಿಸುವವರಿದ್ದಾರೆ. ಥರ್ಮೋಸ್ಟಾಟ್ ಇದ್ದಿದ್ದರೆ ಅದು ತಾನೇ ಆಫ್ ಆಗಿ ಕೂರುತ್ತಿತ್ತು. ಮನೆಯ ಅತಿ ತಂಪಾದ ಕೋಣೆ, ನೆಲದ ಮೇಲೆ ಪೆಟ್ಟಿಗೆ, ದೊಡ್ಡ ನೀರಿನ ಬಟ್ಟಲು, ಮುಚ್ಚಳದ ಅರ್ಧಕ್ಕೆ ಒದ್ದೆ ಬಟ್ಟೆ. ಇಷ್ಟೂ ಆಗದ ಮನೆಗೆ ಈ ಹಾವು ಬೇಡ.

'ಅಷ್ಟೆಲ್ಲ ಮಾಡೋಕೆ ದುಡ್ಡೆಲ್ಲಿದೆ ಸಾರ್, ನಾವೇನು ಶ್ರೀಮಂತರಾ' ಎಂಬ ಮಾತನ್ನೂ ಕೇಳಿದ್ದೇನೆ. ಬಡತನದ ಬಗ್ಗೆ ನನಗೆ ಪಾಠ ಬೇಡ, ಜಿಲ್ಲೆಯ ಸ್ಟ್ರಿಂಗರನ ಸಂಬಳ ಎಷ್ಟೆಂದು ಇದನ್ನು ಓದುವವರಿಗೆಲ್ಲ ಗೊತ್ತು. ಹುಡುಗ ಹಾವಿಗೆ ಕೊಟ್ಟ ದುಡ್ಡಿನಲ್ಲಿ ಇಷ್ಟೂ ಸಾಮಾನು ನಾಲ್ಕು ಸಲ ಬರುತ್ತಿತ್ತು. ಅವನಿಗೆ ದುಡ್ಡಿನ ಕೊರತೆ ಇರಲಿಲ್ಲ, ಹೇಳುವವರ ಕೊರತೆ ಇತ್ತು. ಹೇಳಬೇಕಾದವನು ಮಾರಿದವನು. 2018ರಲ್ಲೇ ಪೆಟ್ ಶಾಪ್‌ಗಳಿಗೆ ಅಂತ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಿಯಮ ಬಂದಿದೆ. ನಮ್ಮ ಜಿಲ್ಲೆಯಲ್ಲಿ ಒಂದು ಅಂಗಡಿಯ ಮುಂದೆಯೂ ಆ ನಿಯಮದ ಹೆಸರು ಕೇಳಿದವರನ್ನು ನಾನು ಕಂಡಿಲ್ಲ. ಅದಲ್ಲದೆ ಈ ವ್ಯಾಪಾರ ನಡೆಯುವುದು ಅಂಗಡಿಯಲ್ಲೂ ಅಲ್ಲ, ಫೋನಿನಲ್ಲಿ, ಬಸ್ಸಿನ ಪಾರ್ಸೆಲ್ಲಿನಲ್ಲಿ. ನನ್ನ ಬೇಡಿಕೆ ಸಣ್ಣದು: ಹಾವು ಮಾರುವವನು, ಕೊಳ್ಳುವವನ ಮನೆಯಲ್ಲಿ ಓಡುತ್ತಿರುವ ಥರ್ಮೋಸ್ಟಾಟಿನ ಫೋಟೊ ನೋಡದೆ ಹಾವು ಕೊಡಕೂಡದು. ಸಿಮ್ ಕೊಡುವಾಗ ಮುಖದ ಫೋಟೊ ಕೇಳುವ ದೇಶ ಇದು.

ಎರಡನೆಯವರು ನಾವು. ನಾಗರಪಂಚಮಿ ಬಂದರೆ ಹಾವು ಹಾಲು ಕುಡಿಯುವುದಿಲ್ಲ ಎಂಬ ಲೇಖನವನ್ನು ವರ್ಷವರ್ಷವೂ ತಪ್ಪದೆ ಹಾಕುತ್ತೇವೆ, ಅಜ್ಜಿಯರ ಮೂಢನಂಬಿಕೆ ತಿದ್ದುವುದು ಸುಲಭ. ಮರುದಿನ ಅದೇ ಪುಟದಲ್ಲಿ ಕೊರಳಿಗೆ ಪೈಥಾನ್ ಸುತ್ತಿಕೊಂಡ ಯುವಕನಿಗೆ 'ಪ್ರಾಣಿಪ್ರಿಯ' ಎಂದು ಬಿರುದು ಕೊಡುತ್ತೇವೆ. ನನ್ನ ಬಾಕ್ಸ್ ಐಟಂ ಬಂದ ವಾರದಲ್ಲಿ ಆ ಹುಡುಗನಿಗೆ ಹನ್ನೊಂದು ಜನ ಫೋನು ಮಾಡಿದ್ದರಂತೆ. ಹನ್ನೊಂದು ಜನವೂ ಕೇಳಿದ್ದು ಎಲ್ಲಿ ಸಿಗುತ್ತೆ, ಎಷ್ಟು ಎಂದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಬರೆಯುವುದನ್ನು ನಮಗೆ ಯಾರೂ ಕಾಲೇಜಿನಲ್ಲಿ ಕಲಿಸುವುದಿಲ್ಲ, ಡೆಸ್ಕಿನಲ್ಲಿ ಕಲಿಯುತ್ತೇವೆ. ನನ್ನ ಕೋಲು ಮುರಿಯಲಿಲ್ಲ.

ಕಳೆದ ವಾರ ಡೆಸ್ಕಿನಿಂದ ಫೋನು ಬಂತು. ಪಕ್ಕದ ತಾಲ್ಲೂಕಿನಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ಹಾವು ಸಾಕಿದ್ದಾಳಂತೆ, ಹುಡುಗಿ ಆದ್ದರಿಂದ ಒಳ್ಳೇ ಐಟಂ, ಫೋಟೊ ದೊಡ್ಡದಾಗಿ ಕಳಿಸಿ. ಹೋದೆ. ಬ್ಯಾಗಿನಲ್ಲಿ ಮಾವನಿಂದ ಕೇಳಿ ತಂದಿದ್ದ, ವೈರಿನ ತುದಿಗೆ ಸೆನ್ಸರಿರುವ ಡಿಜಿಟಲ್ ಥರ್ಮಾಮೀಟರು ಇತ್ತು. ಮರದ ಪೆಟ್ಟಿಗೆ, ಚೆನ್ನಾಗಿ ಮಾಡಿಸಿದ್ದಾಳೆ, ಎರಡು ಗೂಡು ಇಟ್ಟಿದ್ದಾಳೆ, ನೋಂದಣಿ ಅರ್ಜಿಯ ಪ್ರಿಂಟ್ ತಂದು ತೋರಿಸಿದಳು. ಕೆಳಗೆ ಮ್ಯಾಟು ಇತ್ತು, ನೇರವಾಗಿ ಪ್ಲಗ್ಗಿಗೆ. 'ಕಂಟ್ರೋಲರ್ ಇಲ್ವಾಮ್ಮ?' ಅಂದೆ. 'ಇದು ತಾನೇ ಇಷ್ಟಕ್ಕೇ ನಿಲ್ಲುತ್ತೆ ಅಂತ ಹೇಳಿದ್ರು ಸಾರ್.' ಸೆನ್ಸರನ್ನು ಗೂಡಿನೊಳಗೆ ನೆಲಕ್ಕೆ ಒತ್ತಿ ಹತ್ತು ನಿಮಿಷ ಕಾದೆವು. 36. 39. 42ಕ್ಕೆ ಬಂದಾಗ ಅವಳೇ ಎದ್ದು ಸ್ವಿಚ್ ತೆಗೆದಳು. ಹಾವು ಅದೇ ಗೂಡಿನೊಳಗೆ ಅಲುಗಾಡದೆ ಇತ್ತು. ಹೊರಗೆತ್ತಿ ಹೊಟ್ಟೆ ತಿರುಗಿಸಿ ನೋಡಿದೆವು, ಒಂದೆರಡು ಹುರುಪೆಯ ಅಂಚು ಕಂದಿತ್ತು ಅಷ್ಟೇ.

ಕಂಟ್ರೋಲರನ್ನು ಅಲ್ಲೇ ಕೂತು ಆರ್ಡರ್ ಮಾಡಿಸಿದೆ. ಅದು ಬರುವವರೆಗೆ ಮ್ಯಾಟ್ ಹಾಕಕೂಡದು, ರಾತ್ರಿ ಬಿಸಿನೀರಿನ ಬಾಟಲಿ ಎಂದು ಹೇಳಿ, ಡಾಕ್ಟರ ನಂಬರು ಕೊಟ್ಟು ಬಂದೆ. ಐಟಂ ಇನ್ನೂರು ಪದ ಕೇಳಿದ್ದರು, ಇನ್ನೂರ ಐವತ್ತು ಕಳಿಸಿದ್ದೇನೆ. ಜಾಸ್ತಿ ಐವತ್ತು ಪದ 42 ಡಿಗ್ರಿಯ ಬಗ್ಗೆ. ಫೋಟೊ ಕೊರಳಲ್ಲಿ ಹಾವಿರುವುದು ಕಳಿಸಿಲ್ಲ, ಥರ್ಮಾಮೀಟರು ಹಿಡಿದು ಪೆಟ್ಟಿಗೆಯ ಪಕ್ಕ ಕೂತಿರುವುದು ಕಳಿಸಿದ್ದೇನೆ. 'ಹಾವೆಲ್ಲಿ?' ಎಂದು ಡೆಸ್ಕಿನಿಂದ ವಾಟ್ಸಾಪ್ ಬಂದಿದೆ. ಇನ್ನೂ ಉತ್ತರ ಹಾಕಿಲ್ಲ.